ನಾಲ್ಕು ಬೆರಳಿನ ಮಡಿಕೆ

ದರ್ಜಿ ಮಾಮನಿಗೆ ಮನುಷ್ಯರ ಮುಖಕ್ಕಿಂತ ಮೊದಲು ಕಾಣುತ್ತಿದ್ದುದು ಕಣಕಾಲು. ಬೆಳಗ್ಗೆ ಹಾಸಿಗೆಯಿಂದೆದ್ದು ಎದುರಾದರೂ ಅವರ ದೃಷ್ಟಿ ನೇರ ನನ್ನ ಪಾದಗಳ ಬಳಿಗಿಳಿದು, ಪ್ಯಾಂಟಿನ ತುದಿಗೂ ನೆಲಕ್ಕೂ ನಡುವೆ ಎಷ್ಟು ಬಯಲು ಬಿದ್ದಿದೆಯೆಂದು ಅಳೆದು, ಆಮೇಲಷ್ಟೇ ನಿಧಾನವಾಗಿ ಮುಖಕ್ಕೆ ಏರುತ್ತಿತ್ತು.

ಅಪ್ಪ ಅಮ್ಮ ಒಂದೇ ಅಪಘಾತದಲ್ಲಿ ಹೋದಾಗ ನನಗೆ ಆರು, ತಂಗಿಗೆ ಮೂರು. ಬಂಧುಗಳೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದಾಗ, ಅಪ್ಪನ ಪಕ್ಕದ ಹೊಲಿಗೆಯಂತ್ರದ ಮುಂದೆ ಹನ್ನೊಂದು ವರ್ಷ ಕೂತಿದ್ದ ಈ ಬ್ರಹ್ಮಚಾರಿ ನಮ್ಮಿಬ್ಬರನ್ನೂ ಅಂಗಡಿಯ ಹಿಂದಿನ ತಮ್ಮ ಒಂಟಿ ಕೋಣೆಗೆ ಕರೆತಂದರು. ಮಕ್ಕಳನ್ನು ಸಾಕುವ ವಿದ್ಯೆ ಅವರಿಗೆ ಸುತರಾಂ ತಿಳಿಯದು. ಮೊದಲ ತಿಂಗಳೆಲ್ಲ ತಂಗಿಯ ತಲೆಯ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದೇ ಬೈತಲೆ ತೆಗೆಯುತ್ತಿದ್ದರು.

ನಮ್ಮ ಉಡುಪಿಗೆಲ್ಲ ಒಳಗೆ ನಾಲ್ಕು ಬೆರಳಿನ ಮಡಿಕೆ. ವರ್ಷಕ್ಕೊಂದು ಬೆರಳಷ್ಟು ಬಿಚ್ಚುವರು, ಹಳೆಯ ಮಡಿಕೆಯ ಗೆರೆ ಹಾಗೇ ಉಳಿಯುವುದು. “ಏನೋ, ಪ್ಯಾಂಟಿಗೇ ಸ್ಕೇಲು ಹಾಕಿಸಿದೀಯಾ?” ಎಂದು ತರಗತಿಯವರು ಆಡಿಕೊಂಡರೆ, ನಾನು ಮನೆಗೆ ಬಂದು ಆ ಸಿಟ್ಟನ್ನು ಮಾಮನ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಶೌರ್ಯಕ್ಕೆ ಅಷ್ಟು ಅಗ್ಗದ ಸ್ಥಳ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಅವರ ಹಟ ಒಂದೇ. ತಂಗಿ ಒಮ್ಮೆ ಬಾಯಿತಪ್ಪಿ ಅಪ್ಪಾ ಎಂದಾಗ, ತುಳಿಯುತ್ತಿದ್ದ ಯಂತ್ರ ನಿಲ್ಲಿಸಿ ಪಕ್ಕದ ಖಾಲಿ ಸ್ಟೂಲನ್ನು ತೋರಿಸಿದರು. “ಅದು ಅವನ ಜಾಗ ಕಣಮ್ಮ. ನಾನು ಪಕ್ಕದವನು.” ಶಾಲೆಯ ಅರ್ಜಿಗಳಲ್ಲಿ ‘ಸಂಬಂಧ’ ಎಂಬಲ್ಲಿ ದುಂಡಗೆ ‘ಪರಿಚಯದವರು’ ಎಂದೇ ಬರೆದರು. ಒಮ್ಮೆಯಾದರೂ ಅವರನ್ನು ಅಪ್ಪ ಎಂದು ಕರೆದೇ ತೀರಬೇಕೆಂದು ನಾನು ಪಣತೊಟ್ಟಿದ್ದೆ. ಮೊದಲ ಸಂಬಳದ ದಿನ ಕರೆಯೋಣ, ಬೇಡ, ತಂಗಿಯ ಮದುವೆಯ ದಿನ ಕರೆಯೋಣ ಎಂದು ಮುಂದೂಡುತ್ತಲೇ ಬಂದೆ.

ಹೋದ ವರ್ಷ ಒಂದು ಬೆಳಗ್ಗೆ ಅವರು ಹೊಲಿಯುತ್ತಲೇ ಯಂತ್ರದ ಮೇಲೆ ಕುಸಿದರು. ಪರರ ಅರ್ಜಿಗಳಲ್ಲಿ ತಪ್ಪು ಹುಡುಕುವುದೇ ಹೊಟ್ಟೆಪಾಡಾದ ಗುಮಾಸ್ತ ನಾನು; ಆಸ್ಪತ್ರೆಯ ಅರ್ಜಿಯಲ್ಲಿ ಮಾತ್ರ ನನ್ನ ಕೈ, ಇಪ್ಪತ್ತು ವರ್ಷ ನೋಡಿದ್ದನ್ನೇ ನಕಲು ಮಾಡಿ, ‘ಪರಿಚಯದವರು’ ಎಂದು ಬರೆದುಬಿಟ್ಟಿತು.

“ಒಳಗೆ ಮನೆಯವರನ್ನ ಮಾತ್ರ ಬಿಡೋದು,” ಎಂದರು ನರ್ಸ್.

“ನಾನು ಮಗ.”

ಅವರು ಅರ್ಜಿ ನೋಡಿದರು, ನನ್ನನ್ನು ನೋಡಿದರು. “ನೀವೇ ಬರ್ದಿದ್ದಲ್ವಾ?”

ಹೊಸ ಅರ್ಜಿ ತರಿಸಿ, ತಿದ್ದಿ ಬರೆದು, ಸಹಿ ಹಾಕಿ ಒಳಗೆ ಹೋಗುವಷ್ಟರಲ್ಲಿ, ಆ ಮಾತು ಕೇಳಬೇಕಾಗಿದ್ದ ಕಿವಿ ತಣ್ಣಗಾಗಿತ್ತು. ಆದರೂ ಕರೆದೆ.

ಆಫೀಸಿಗೆಂದು ಅವರು ಕೊನೆಯದಾಗಿ ಹೊಲಿದ ಪ್ಯಾಂಟಿನಲ್ಲೂ ಅದೇ ಮಡಿಕೆ. ಇನ್ನೆಷ್ಟು ಬೆಳೆಯಲಿ ಮಾಮ ಎಂದು ನಗೆಯಾಡಿದ್ದೆ. “ಇರಲಿ ಬಿಡೋ, ಅದೇನು ಅನ್ನ ಕೇಳುತ್ತಾ,” ಎಂದಿದ್ದರು. ಅದನ್ನು ನಾನಿನ್ನೂ ಬಿಚ್ಚಿಲ್ಲ. ಪರರ ಮಕ್ಕಳನ್ನು ಎತ್ತಿಕೊಂಡವರ ರೀತಿಯೇ ಹೀಗಿರಬೇಕು: ನಮ್ಮ ಪಾಲಿಗೆ ನಾಲ್ಕು ಬೆರಳು ಹೆಚ್ಚಿಟ್ಟು ಕತ್ತರಿಸುವ ಆ ಕೈ, ತನ್ನ ಪಾಲಿನ ಹೆಸರನ್ನು ಮಾತ್ರ ಒಂದೆಳೆಯೂ ಮಿಗದಂತೆ ಕತ್ತರಿಸಿಕೊಳ್ಳುತ್ತದೆ.