ಗುಂಡಣ್ಣನ ಹೊಟ್ಟೆ, ಎರಡು ಬೆಳಕಿನಲ್ಲಿ

ಇಪ್ಪತ್ತೆರಡು ವರ್ಷಗಳಿಂದ ನಾನು ಫೋಟೊ ಸ್ಟುಡಿಯೋ ನಡೆಸುತ್ತಿದ್ದೇನೆ. ಊರಿನ ಅರ್ಧ ಜನರ ಮೊಡವೆ, ಕಣ್ಣ ಕೆಳಗಿನ ಕಪ್ಪು, ಗಲ್ಲದ ಕೆಳಗಿನ ಇನ್ನೊಂದು ಗಲ್ಲ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒರೆಸಿ ಹಾಕಿದ ಪುಣ್ಯಾತ್ಮ ನಾನೇ. ಫೋಟೊದಲ್ಲಿ ಕಂಡದ್ದನ್ನೆಲ್ಲ ನಂಬಬೇಡಿ ಎಂದು ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಅದು ನನಗೆ. ಅಂಥ ನಾನು ಫೋಟೊ ನೋಡಿ ಮೋಸ ಹೋದೆ. ಅದೂ ಬೇರೆ ಯಾರೋ ತೆಗೆದ ಫೋಟೊ ಅಲ್ಲ, ಸ್ವತಃ ನಾನೇ ತೆಗೆದದ್ದು.

ಮೂರು ವರ್ಷದ ಹಿಂದೆ ನನ್ನ ತೂಕ ನೂರಾ ಎಂಟು ಕಿಲೊ ಇತ್ತು. ಬೀದಿಯಲ್ಲಿ ನನ್ನ ಹೆಸರು ಗುಂಡಣ್ಣ. ಹೀಗೇ ಇದ್ದರೆ ಮುಂದಿನ ವರ್ಷ ಸಕ್ಕರೆ ಕಾಯಿಲೆ ಗ್ಯಾರಂಟಿ ಎಂದು ಡಾಕ್ಟರು ಹೆದರಿಸಿದರು. ನಾನು ಪುಕ್ಕಲ. ಹೆದರಿಕೆಯಲ್ಲೇ ನಡೆದೆ, ಹೆದರಿಕೆಯಲ್ಲೇ ಉಪವಾಸ ಬಿದ್ದೆ. ಹದಿನಾಲ್ಕು ತಿಂಗಳಲ್ಲಿ ಮೂವತ್ತು ಕಿಲೊ ಇಳಿಯಿತು. ಹೆಸರು ಮಾತ್ರ ಇಳಿಯಲಿಲ್ಲ, ಈಗಲೂ ಗುಂಡಣ್ಣನೇ.

ಇಷ್ಟು ಸಾಧಿಸಿದವನು ಮೈಗೆ ಅಂಟುವ ಅಂಗಿ ಹಾಕಬೇಡವೇ? ಬಟ್ಟೆ ಅಂಗಡಿಗೆ ಹೋದೆ. ಅಲ್ಲಿನ ಟ್ರಯಲ್ ರೂಮಿನಲ್ಲಿ ಮೂರು ಕಡೆ ಕನ್ನಡಿ, ತಲೆಯ ಮೇಲೆ ಒಂದೇ ಬಲ್ಬು. ಹಳೆಯ ಅಂಗಿ ಬಿಚ್ಚಿ ನೋಡುತ್ತೇನೆ, ಹೊಟ್ಟೆಯ ಎರಡೂ ಪಕ್ಕ, ತೋಳಿನ ಬುಡದಲ್ಲಿ, ಎಲ್ಲ ಕಡೆ ಗೆರೆ. ಕೆಲವು ಬೆಳ್ಳಗೆ, ಕೆಲವು ನಸುಗೆಂಪು. ಒಂದು ಹಿಂಡು ಬೆಕ್ಕು ಸರದಿಯಲ್ಲಿ ನಿಂತು ಪರಚಿ ಹೋದ ಹಾಗಿತ್ತು. ಸ್ಟ್ರೆಚ್ ಮಾರ್ಕ್ ಅನ್ನುವುದು ಹೆತ್ತ ತಾಯಂದಿರಿಗೆ ಮಾತ್ರ ಬರುವ ಗೆರೆ ಎಂದುಕೊಂಡಿದ್ದೆ. ನಾನು ಏನನ್ನೂ ಹೆತ್ತಿರಲಿಲ್ಲ. ಅಂಗಿ ಕೊಳ್ಳದೆ ಈಚೆಗೆ ಬಂದೆ.

ಮೆಡಿಕಲ್ ಶಾಪಿನಲ್ಲಿ ಜನ ಕರಗುವವರೆಗೆ ಕಾದು, ಪಿಸುದನಿಯಲ್ಲಿ ಕೇಳಿದೆ. "ಸ್ಟ್ರೆಚ್ ಮಾರ್ಕಿಗೆ ಕ್ರೀಮ್ ಏನಾದ್ರೂ ಇದ್ಯಾ? ನನಗಲ್ಲ, ಮನೆಯವಳಿಗೆ."

ಅಂಗಡಿಯವನ ಮುಖ ಅರಳಿತು. "ಎಷ್ಟು ತಿಂಗಳು ಗುಂಡಣ್ಣ?"

ನನ್ನ ಹೆಂಡತಿಗೆ ನಲವತ್ತೇಳು. ಮಗ ದೂರದ ಊರಿನಲ್ಲಿ ಕಾಲೇಜು ಓದುತ್ತಿದ್ದಾನೆ. ನಾನು ಏನೋ ಗೊಣಗಿ, ಡಬ್ಬಿ ಜೇಬಿಗೆ ಹಾಕಿಕೊಂಡು ಓಡಿದೆ.

ಮೂರು ತಿಂಗಳು ಎರಡು ಹೊತ್ತು ತಿಕ್ಕಿದೆ. ಕೋಕೋ ಬೆಣ್ಣೆಯ ಕ್ರೀಮು, ಮೈಯೆಲ್ಲ ಬೇಕರಿಯ ವಾಸನೆ. ಚರ್ಮವೇನೋ ನುಣುಪಾಯಿತು. ಗೆರೆಗಳೂ ಅಷ್ಟೇ ನುಣುಪಾಗಿ, ಮಿರಮಿರ ಮಿಂಚುತ್ತ ಇದ್ದಲ್ಲೇ ಇದ್ದವು.

ಆ ಹೊತ್ತಿಗೆ ಸರಿಯಾಗಿ ಪಕ್ಕದ ಬೀದಿಯಲ್ಲಿ ಒಂದು ಬ್ಯೂಟಿ ಕ್ಲಿನಿಕ್ ತೆರೆಯಿತು. ಅದರ ಮೇಡಂ ನನಗೆ ಕೆಲಸ ಕೊಟ್ಟರು. ಸ್ಟ್ರೆಚ್ ಮಾರ್ಕಿಗೆ ಚಿಕಿತ್ಸೆ ಪಡೆಯುವ ಮೂವರು ಹೆಂಗಸರ ಹೊಟ್ಟೆಯ ಫೋಟೊ, ಚಿಕಿತ್ಸೆಗೆ ಮೊದಲೊಂದು, ಮುಗಿದ ಮೇಲೊಂದು. ಅವರೆಲ್ಲ ಒಪ್ಪಿದ್ದರು, ಮುಖ ಬರುವಂತಿರಲಿಲ್ಲ. ಮೊದಲ ದಿನ ಮೇಡಂ, "ಸರ್, ಲೈಟ್ ಪಕ್ಕದಿಂದ ಬರ್ಲಿ. ಗೆರೆ ಎದ್ದು ಕಾಣ್ಬೇಕು" ಎಂದರು. ಎರಡು ತಿಂಗಳ ಮೇಲೆ, "ಈಗ ಎದುರಿಂದ ಹಾಕಿ ಸರ್. ಸ್ವಲ್ಪ ಬೆಳ್ಳಗೆ ಬರ್ಲಿ" ಎಂದರು. ಪಕ್ಕದಿಂದ ಬೆಳಕು ಬಿದ್ದರೆ ಚಿಕ್ಕ ತಗ್ಗಿಗೂ ನೆರಳು ಬರುತ್ತದೆ, ಎದುರಿನಿಂದ ಬಿದ್ದರೆ ನೆರಳೇ ಇರುವುದಿಲ್ಲ. ಇದು ಕ್ಯಾಮೆರಾ ಹಿಡಿದ ಮೊದಲ ವಾರವೇ ಕಲಿಯುವ ಪಾಠ. ನಾನು ತುಟಿಪಿಟಕ್ ಎನ್ನದೆ ಹೇಳಿದ ಹಾಗೆ ತೆಗೆದುಕೊಟ್ಟೆ.

ಆರು ಫೋಟೊಗಳಿಗೂ ಫ್ರೇಮು ಹಾಕಿಸಿ ಕ್ಲಿನಿಕ್ಕಿನ ಗೋಡೆಗೆ ನಾನೇ ಮೊಳೆ ಹೊಡೆದೆ. ಕೊನೆಯ ಮೊಳೆ ಹೊಡೆದು ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿದೆ. ಅಬ್ಬಾ! ಎಂಥ ಗೆರೆಗಳು ಎಲ್ಲಿ ಹೋದವು! ಸುತ್ತಿಗೆ ಕೈಯಲ್ಲಿ ಹಿಡಿದುಕೊಂಡೇ ಮೇಡಂ ಬಳಿ ಹೋಗಿ ಕೇಳಿದೆ. "ಇದು ಗಂಡಸರಿಗೂ ಆಗುತ್ತಾ?"

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ನನಗೆ ಹುಣ್ಣೂ ಗೊತ್ತಿತ್ತು, ಕನ್ನಡಿಯೂ ನನ್ನದೇ ಆಗಿತ್ತು. ಆದರೂ ಹೋಗಿ ಮಲಗಿದೆ.

ಪೆನ್ನಿನಂಥ ಒಂದು ಯಂತ್ರ. ಅದರ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳು. ಚರ್ಮಕ್ಕೆ ಚುಚ್ಚಿ ಚುಚ್ಚಿ ಗಾಯ ಮಾಡಿದರೆ ಅದು ವಾಸಿಯಾಗುವಾಗ ಹೊಸ ಚರ್ಮ ಬೆಳೆಯುತ್ತದಂತೆ. ಮರಗಟ್ಟಿಸುವ ಮುಲಾಮು ಹಚ್ಚಿದ್ದರೂ ನಾನು ಮಂಚದ ಕಬ್ಬಿಣ ಹಿಡಿದು ಹಲ್ಲು ಕಚ್ಚಿದೆ. ಪಕ್ಕದ ಕೋಣೆಯಲ್ಲಿ ಒಬ್ಬ ಹೆಂಗಸು ಇದೇ ಚಿಕಿತ್ಸೆ ಮಾಡಿಸಿಕೊಳ್ಳುತ್ತ ಫೋನಿನಲ್ಲಿ ತಂಗಿಯ ಜೊತೆ ಹರಟುತ್ತಿದ್ದಳು. ಹೀಗೆ ಆರು ಸಲ. ಪ್ರತಿ ಸಲವೂ ಎರಡು ದಿನ ಬೆಲ್ಟು ಕಟ್ಟಲಾಗದೆ, ಪ್ಯಾಂಟನ್ನು ಕೈಯಲ್ಲಿ ಹಿಡಿದುಕೊಂಡೇ ಗಿರಾಕಿಗಳಿಗೆ "ಸ್ವಲ್ಪ ನಗಿ" ಎನ್ನುತ್ತಿದ್ದೆ.

"ಏನ್ರೀ ಹೊಟ್ಟೆ ಹಿಡ್ಕೊಂಡೇ ಓಡಾಡ್ತೀರಿ?" ಎಂದಳು ಹೆಂಡತಿ. ಸ್ಟುಡಿಯೋದ ಕೌಂಟರು ಅವಳದೇ.

"ಗ್ಯಾಸು" ಎಂದೆ.

ಅವಳು ನನ್ನನ್ನು ಒಂದು ಗಳಿಗೆ ನೋಡಿ, "ಹೂಂ" ಎಂದು ಫೋಟೊ ಕತ್ತರಿಸುವುದಕ್ಕೆ ಕೂತಳು.

ಎಷ್ಟು ದಡ್ಡನಾದರೂ ಕಸುಬು ಮರೆಯುವುದಿಲ್ಲ. ಚಿಕಿತ್ಸೆ ಶುರುವಾಗುವ ಮೊದಲೇ ಸ್ಟುಡಿಯೋದ ಬಾಗಿಲು ಹಾಕಿಕೊಂಡು, ನೆಲಕ್ಕೆ ಟೇಪು ಅಂಟಿಸಿ, ಪಕ್ಕದ ಲೈಟು ಹಾಕಿ ನನ್ನ ಹೊಟ್ಟೆಯ ಫೋಟೊ ತೆಗೆದಿಟ್ಟಿದ್ದೆ. ಎಲ್ಲ ಮುಗಿದು ಒಂದು ತಿಂಗಳಾದ ಮೇಲೆ ಅದೇ ಟೇಪಿನ ಮೇಲೆ ನಿಂತು ಅದೇ ಲೈಟಿನಲ್ಲಿ ಇನ್ನೊಂದು ತೆಗೆದೆ. ಎರಡನ್ನೂ ಪಕ್ಕಪಕ್ಕ ಇಟ್ಟು, ದೊಡ್ಡದು ಮಾಡಿ ನೋಡಿದೆ. ನಸುಗೆಂಪಿನ ನಾಲ್ಕೈದು ಗೆರೆ ಕೊಂಚ ಮಂಕಾಗಿದ್ದವು. ಅದು ಸೂಜಿಯ ಮಹಿಮೆಯೋ, ಕಾಲವೇ ಮಾಡಿದ ಕೆಲಸವೋ ದೇವರಿಗೇ ಗೊತ್ತು. ಬೆಳ್ಳನೆಯ ಗೆರೆಗಳನ್ನು ಒಂದೊಂದಾಗಿ ಎಣಿಸಿದೆ. ಒಂದೂ ಕಡಿಮೆ ಇರಲಿಲ್ಲ.

ಮರುದಿನ ಮೇಡಂ ತಾವೇ ಕೇಳಿದರು. "ನಮ್ಮ ಗೋಡೆ ಮೇಲೆ ಗಂಡಸರದ್ದು ಒಂದೂ ಇಲ್ಲ. ನಿಮ್ಮದು ಹಾಕೋಣ ಸರ್, ಮುಖ ಬರಲ್ಲ."

ಫೋನಿನಲ್ಲಿದ್ದ ಎರಡೂ ಫೋಟೊ ತೋರಿಸಿದೆ. ಅವರು ಕನ್ನಡಕ ಮೂಗಿಗೆ ಇಳಿಸಿ ನೋಡಿದರು.

"ಯಾವುದು ಮೊದಲಿಂದು?"

"ನೀವೇ ಹೇಳಿ ಮೇಡಂ."

ಅವರು ಯೋಚನೆ ಮಾಡಿ ಹೊಸದರ ಮೇಲೆ ಬೆರಳಿಟ್ಟರು. ನಾನು ಉಲ್ಟಾ ಎಂದೆ. ಅವರಿಗೆ ಕೊಂಚವೂ ಮುಜುಗರವಾಗಲಿಲ್ಲ. "ಲೈಟ್ ಸರಿ ಇಲ್ಲ ನೋಡಿ. ಎದುರಿಂದ ಹಾಕಿ ತೆಗೀರಿ, ಚೆನ್ನಾಗ್ ಬರುತ್ತೆ."

ಇಲ್ಲಿಯಾದರೂ ನನಗೆ ಬುದ್ಧಿ ಬಂತು ಎಂದು ನೀವು ಅಂದುಕೊಳ್ಳುತ್ತೀರಿ. ಇಲ್ಲ. ಸ್ಟುಡಿಯೋಗೆ ಬಂದವನೇ ಎದುರಿನಿಂದ ಲೈಟು ಹಾಕಿ, ಉಸಿರು ಒಳಗೆಳೆದು, ಇನ್ನೊಂದು ಫೋಟೊ ತೆಗೆದೆ. ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅರ್ಧ ಗಂಟೆ ಅದನ್ನೇ ನೋಡುತ್ತ ಕೂತೆ. ಅದು ಸುಳ್ಳು ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ, ಆದರೂ ಒಳಗೊಳಗೇ ಹಿಗ್ಗು. ಪ್ರಿಂಟು ಹಾಕಿ ಲಕೋಟೆಯಲ್ಲಿಟ್ಟೆ, ಸಂಜೆ ಕ್ಲಿನಿಕ್ಕಿಗೆ ಕೊಡಬೇಕೆಂದು.

ಮಧ್ಯಾಹ್ನ ಕೈಗೂಸನ್ನು ಎತ್ತಿಕೊಂಡು ಒಬ್ಬ ಹುಡುಗಿ ಬಂದಳು. ಕೆಲಸದ ಅರ್ಜಿಗೆ ಪಾಸ್‌ಪೋರ್ಟ್ ಸೈಜ್ ಫೋಟೊ ಬೇಕಾಗಿತ್ತು. ಹೆಂಡತಿ ಟೀ ತರಲು ಹೋಗಿದ್ದಳು. ಫೋಟೊ ತೆಗೆಸಿಕೊಂಡ ಮೇಲೂ ಹುಡುಗಿ ಏಳಲಿಲ್ಲ.

"ಅಣ್ಣಾ, ಪಕ್ಕದ ಬೀದಿ ಕ್ಲಿನಿಕ್ಕಲ್ಲಿರೋ ಫೋಟೊ ನೀವೇ ತೆಗ್ದಿದ್ದಂತೆ?"

"ಹೌದಮ್ಮ."

"ಅದು ನಿಜಾನಾ?" ಮಗುವನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡಳು. "ಕೆಲಸ ಸಿಕ್ಕಿದ್ರೆ ಮೊದಲ ಸಂಬಳದಲ್ಲಿ ಮಾಡಿಸ್ಕೊಳ್ಳೋಣ ಅಂತಿದೀನಿ. ಕನ್ನಡಿ ಮುಂದೆ ಹೋಗಕ್ಕೇ ಬೇಜಾರಾಗುತ್ತೆ. ನೀವು ಕಣ್ಣಾರೆ ನೋಡಿದೀರಲ್ಲ, ಅದಕ್ಕೇ ಕೇಳ್ದೆ."

ಇವಳು ಕೇಳುತ್ತಿದ್ದದ್ದು ಮೇಡಂ ಮಾತನ್ನಲ್ಲ, ಕ್ರೀಮಿನ ಡಬ್ಬಿಯ ಮೇಲಿನ ಮಾತನ್ನೂ ಅಲ್ಲ, ನನ್ನ ಮಾತನ್ನು. ಬಾಯಲ್ಲಿ ವಿವರಿಸಲು ಹೋದೆ. ಬೆಳಕು, ನೆರಳು, ಕೋನ ಎಂದು ತಡವರಿಸಿದೆ. ಅವಳಿಗೆ ಒಂದಕ್ಷರ ತಿಳಿಯಲಿಲ್ಲ.

"ಹೆಣ್ಣುಮಕ್ಕಳ ಮುಂದೆ ಹೀಗೆ ಮಾಡಬಾರದು, ತಪ್ಪು ತಿಳೀಬೇಡಮ್ಮ" ಎಂದು ಹೇಳಿ ಟೇಪಿನ ಮೇಲೆ ನಿಂತೆ. ಅಂಗಿಯನ್ನು ಎದೆಯವರೆಗೆ ಎತ್ತಿದೆ. ಪಕ್ಕದ ಲೈಟು ಹಾಕಿದೆ. "ಇದು ಚಿಕಿತ್ಸೆಗೆ ಮೊದಲು." ಅದನ್ನು ಆರಿಸಿ ಎದುರಿನ ಲೈಟು ಹಾಕಿದೆ. "ಇದು ಚಿಕಿತ್ಸೆ ಆದ್ಮೇಲೆ." ಮತ್ತೆ ಪಕ್ಕದ್ದು. "ಮೊದಲು." ಮತ್ತೆ ಎದುರಿನದು. "ಆಮೇಲೆ."

ಹುಡುಗಿ ಕಣ್ಣರಳಿಸಿ ನೋಡಿದಳು. ಆಮೇಲೆ ಕಿಸಕ್ಕನೆ ನಕ್ಕಳು. ಮಗುವೂ ಲೈಟು ಹತ್ತಿ ಆರುವುದನ್ನು ನೋಡಿ ಕೇಕೆ ಹಾಕಿತು. ಅದೇ ಗಳಿಗೆಯಲ್ಲಿ ಬಾಗಿಲು ತೆರೆಯಿತು. ಕೈಯಲ್ಲಿ ಎರಡು ಲೋಟ ಟೀ ಹಿಡಿದು ನನ್ನ ಹೆಂಡತಿ.

ಅಂಗಿ ಇಳಿಸಬೇಕೆಂಬುದೂ ನನಗೆ ಹೊಳೆಯಲಿಲ್ಲ.

"ಅಕ್ಕಾ, ಅಣ್ಣ ನನಗೆ ಫೋಟೊ ಗುಟ್ಟು ತೋರಿಸ್ತಿದ್ರು" ಎಂದಳು ಹುಡುಗಿ, ಕಣ್ಣೊರೆಸಿಕೊಳ್ಳುತ್ತ.

ಹೆಂಡತಿ ನಿಧಾನವಾಗಿ ಟೀ ಮೇಜಿನ ಮೇಲಿಟ್ಟಳು. "ತೋರಿಸ್ಲಿ ಬಿಡಮ್ಮ. ನನಗೆ ತೋರಿಸ್ತಾರೇನೋ ಅಂತ ಹತ್ತಿರ ಹತ್ತಿರ ಒಂದು ವರ್ಷದಿಂದ ಕಾಯ್ತಾ ಇದೀನಿ."

"ನಿನಗೆ ಗೊತ್ತಿತ್ತಾ?"

"ಮೆಡಿಕಲ್ ಶಾಪಿನವನು ನನಗೆ ಎಷ್ಟು ತಿಂಗಳು ಅಂತ ಕೇಳಿದ ದಿನದಿಂದ ಗೊತ್ತು. ಖರ್ಜೂರ ತಿನ್ನಿ ಅಂತ ಬುದ್ಧಿ ಬೇರೆ ಹೇಳ್ದ. ಸೂಜಿ ವಿಷಯ ನಿಮ್ಮ ಪ್ಯಾಂಟಿನ ಜೇಬಲ್ಲಿದ್ದ ಕ್ಲಿನಿಕ್ ಬಿಲ್ಲು ಹೇಳ್ತು. ನೀವಾಗಿ ಬಾಯಿ ಬಿಡ್ಲಿ ಅಂತ ಸುಮ್ಮನಿದ್ದೆ." ನನ್ನ ಹೊಟ್ಟೆಯ ಕಡೆ ಬಗ್ಗಿ ನೋಡಿದಳು. "ಇಷ್ಟಕ್ಕಾ ಸೂಜಿ ಚುಚ್ಚಿಸ್ಕೊಂಡಿದ್ದು? ನಿಮ್ಮ ಮಗನ್ನ ಹೆತ್ತಾಗಿಂದ ನನಗೆ ಇದರ ಎರಡರಷ್ಟಿದೆ. ಇಷ್ಟು ವರ್ಷದಲ್ಲಿ ಒಂದು ದಿನ ಆದ್ರೂ ನೋಡಿದ್ರಾ?"

ನಾನು ಯೋಚಿಸಿದೆ. ಊರವರ ಮುಖದ ಚುಕ್ಕೆಯನ್ನು ಹತ್ತು ಅಡಿ ದೂರದಿಂದ ಗುರುತಿಸುವ ನಾನು, ನಿಜವಾಗಿಯೂ ನೋಡಿರಲಿಲ್ಲ. ನೋಡಿಲ್ಲ ಎಂದು ಹೇಳಿದರೆ ಪ್ರೀತಿ ಅಂದುಕೊಳ್ಳುತ್ತಾಳೋ ಉದಾಸೀನ ಅಂದುಕೊಳ್ಳುತ್ತಾಳೋ ತಿಳಿಯದೆ ಟೀ ಕುಡಿದೆ. ಬಿಸಿ ಬಿಸಿ ಟೀ, ನಾಲಿಗೆ ಸುಟ್ಟಿತು.

ಸಂಜೆ ಕ್ಲಿನಿಕ್ಕಿಗೆ ಹೋದೆ. ಲಕೋಟೆ ಕೊಡಲಿಲ್ಲ. ಗೋಡೆಯ ಮೇಲಿನವನ್ನು ತೆಗೆಯೋಣ, ಆಮೇಲಿನದನ್ನು ಮೊದಲಿನದರ ಹಾಗೇ ಪಕ್ಕದ ಲೈಟಿನಲ್ಲಿ ಮತ್ತೆ ತೆಗೆದುಕೊಡುತ್ತೇನೆ, ಪುಕ್ಕಟೆಯಾಗಿ, ಎಂದೆ.

"ನೀವು ಫೋಟೊ ತೆಗೆಯೋರು ಸರ್, ಡಾಕ್ಟರಲ್ಲ" ಎಂದರು ಮೇಡಂ. "ಸ್ವಲ್ಪ ಕಡಿಮೆ ಆಗಿದೆ ತಾನೇ? ಸುಳ್ಳೇನಲ್ಲವಲ್ಲ?"

"ಸ್ವಲ್ಪ ಆಗಿದೆ. ಆ ಸ್ವಲ್ಪಾನೇ ಹಾಕೋಣ ಮೇಡಂ."

"ಸ್ವಲ್ಪಕ್ಕೆ ಯಾರು ಬರ್ತಾರೆ?" ಎಂದರು. ನಾನಂತೂ ಬರುತ್ತಿರಲಿಲ್ಲ, ಆದ್ದರಿಂದ ಲಕೋಟೆ ಜೇಬಿಗೆ ಹಾಕಿಕೊಂಡು ಎದ್ದೆ. ಆ ಕೆಲಸ ಅಲ್ಲಿಗೆ ಬೇರೊಬ್ಬ ಫೋಟೊಗ್ರಾಫರನ ಪಾಲಾಯಿತು.

ಹುಡುಗಿ ಎರಡು ವಾರ ಬಿಟ್ಟು ಬಂದಳು, ಕೆಲಸ ಸಿಕ್ಕಿದ ಸುದ್ದಿ ಹೇಳುವುದಕ್ಕೆ. ಆಸ್ಪತ್ರೆಯ ಚರ್ಮದ ಡಾಕ್ಟರನ್ನೂ ಕಂಡು ಬಂದಿದ್ದಳು. "ಕೆಂಪಗಿರೋವಾಗ ಔಷಧಿಗೆ ಸ್ವಲ್ಪ ಬಗ್ಗುತ್ತಂತೆ ಅಣ್ಣಾ, ಬೆಳ್ಳಗಾದ ಮೇಲೆ ಕಷ್ಟವಂತೆ. ಲೇಸರ್ರು, ಸೂಜಿ ಏನು ಮಾಡಿದ್ರೂ ಕಮ್ಮಿ ಆಗಬಹುದು, ಪೂರ್ತಿ ಹೋಗಲ್ವಂತೆ. ಮಗು ಹಾಲು ಬಿಡೋವರೆಗೂ ಆ ಔಷಧಿ ಹಚ್ಚಲೇಬೇಡ ಅಂದ್ರು. ಹೆಚ್ಚಿನವು ತಾವಾಗೇ ಮಂಕಾಗ್ತವಂತೆ." ಇಷ್ಟು ಹೇಳಿ, "ಒಂದ್ಸಲ ಲೈಟ್ ಹಾಕಿ ತೋರಿಸಿ ಅಣ್ಣಾ, ನನ್ನ ಗೆಳತಿ ಬಂದಿದಾಳೆ" ಎಂದಳು. ನಾನು ಖಡಾಖಂಡಿತವಾಗಿ ಇಲ್ಲ ಎಂದೆ.

ಇಂಥ ಬೇಡಿಕೆ ಹೆಚ್ಚಾದಾಗ ಹೆಂಡತಿ ಒಂದು ಉಪಾಯ ಮಾಡಿದಳು. ನನ್ನ ಹೊಟ್ಟೆಯ ಎರಡು ಫೋಟೊಗಳಿಗೆ ಫ್ರೇಮು ಹಾಕಿಸಿ ಕೌಂಟರಿನ ಹಿಂದೆ ನೇತುಹಾಕಿದಳು. ಕೆಳಗೆ ತನ್ನ ಕೈಯಾರೆ ಬರೆದಳು: "ಹೊಟ್ಟೆ ಒಂದೇ, ಲೈಟು ಎರಡು." ಮುಖ ಇಲ್ಲವಲ್ಲ ಎಂದು ನಾನು ಧೈರ್ಯವಾಗಿದ್ದೆ. ಮೊದಲು ಬಂದ ಗಿರಾಕಿಯೇ, "ಇದು ಗುಂಡಣ್ಣಂದಲ್ವಾ?" ಎಂದ.

ಈಚೆಗೆ ತೂಕ ಮತ್ತೆ ಎರಡು ಕಿಲೊ ಏರಿದೆ. ನಿನ್ನೆ ಊಟಕ್ಕೆ ಕೂತಾಗ, ಹೊಟ್ಟೆ ಮತ್ತೆ ತುಂಬಿಕೊಂಡರೆ ಚರ್ಮ ಬಿಗಿಯಾಗಿ ಗೆರೆಗಳು ಕಡಿಮೆ ಕಾಣಬಹುದಲ್ಲವೇ ಎಂದು ಹೆಂಡತಿಯನ್ನು ಕೇಳಿದೆ. ಅವಳು ನನ್ನ ತಟ್ಟೆಯ ಹತ್ತಿರ ತಂದಿದ್ದ ಸೌಟನ್ನು ವಾಪಸ್ ಪಾತ್ರೆಗೆ ಹಾಕಿದಳು.