ಅಲುಗದ ಗಾಳಿಚೀಲ

ಓಬಳೇಶ ಹೊಲಿದ ಚಡ್ಡಿ ಹರಿದದ್ದನ್ನು ಪೆದ್ದಹರಿವಾಣದಲ್ಲಿ ಕಂಡವರಿಲ್ಲ. ಅಣ್ಣ ಹಾಕಿ, ತಮ್ಮ ಹಾಕಿ, ಕೊನೆಗೆ ಸೈಕಲ್ ಒರೆಸಲು ಬಿದ್ದರೂ ಅದರ ಹೊಲಿಗೆ ಬಿಡುತ್ತಿರಲಿಲ್ಲ. ತೆಳು ಬಟ್ಟೆ ಕಂಡರೆ ಅವನಿಗೆ ಮೈಯೆಲ್ಲ ಉರಿ. ಇಂಥವನ ಕೈಗೆ ಊರಾಚೆಯ ವಿಮಾನದ ಮೈದಾನದ ಗಾಳಿಚೀಲ ಬಂದದ್ದೇ ಎಲ್ಲಕ್ಕೂ ಮೂಲ.

ಮೈದಾನವೆಂದರೆ ದೊಡ್ಡದೇನಲ್ಲ. ಇಬ್ಬರು ಕೂರುವ ಪುಟ್ಟ ವಿಮಾನದಲ್ಲಿ ಹಾರಾಟ ಕಲಿಸುವ ಒಂದು ಶಾಲೆ, ಪೂರ್ವದಿಂದ ಪಶ್ಚಿಮಕ್ಕೆ ಚಾಚಿದ ಹುಲ್ಲಿನ ರನ್‌ವೇ, ಪಕ್ಕದಲ್ಲೊಂದು ಕಂಬ, ಅದರ ತುದಿಗೆ ಪ್ಯಾಂಟಿನ ಒಂಟಿ ಕಾಲಿನಂಥ ಚೀಲ. ಗಾಳಿ ಬಂದರೆ ಚೀಲ ಉಬ್ಬಿ, ಗಾಳಿ ಹೋಗುವ ದಿಕ್ಕಿಗೆ ಬಾಲ ಚಾಚುತ್ತದೆ. ಮೇಲಿದ್ದವರು ಅದನ್ನು ನೋಡಿಕೊಂಡು ಗಾಳಿಗೆ ಎದುರಾಗಿ ಇಳಿಯಬೇಕು. ಆಷಾಢದಲ್ಲಿ ಹಳೆಯ ಚೀಲ ಹರಿದಾಗ ಕಾವಲುಗಾರ ಮೂಕಪ್ಪ ಅದನ್ನು ಓಬಳೇಶನ ಅಂಗಡಿಗೆ ತಂದ.

"ಇದೇನು ಬಟ್ಟಿನೋ, ಉಳ್ಳಾಗಡ್ಡಿ ಸಿಪ್ಪಿನೋ? ಹರೀದ ಇನ್ನೇನು ಮಾಡ್ತೈತಿ?" ಎಂದು ಓಬಳೇಶ ಅದನ್ನು ಎರಡೇ ಬೆರಳಲ್ಲಿ ಹಿಡಿದು ಬದಿಗಿಟ್ಟ. ದಪ್ಪ ಕ್ಯಾನ್ವಾಸ್ ಕತ್ತರಿಸಿದ. ಒಳಗೆ ಅಸ್ತರು ಕೊಟ್ಟ. ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿದ. ಚೀಲದ ಬಾಯಿಯ ಹತ್ತಿರ 'ಓಬಳೇಶ ಟೈಲರ್ಸ್' ಎಂಬ ಲೇಬಲ್ಲನ್ನೂ ಹಚ್ಚಿದ. ಆಕಾಶದಿಂದ ನೋಡುವ ಗಿರಾಕಿ ದಿನಾ ಸಿಗುತ್ತಾನೆಯೇ?

ಶ್ರಾವಣದ ಬಿರುಗಾಳಿಗೆ ಆ ಚೀಲವೂ ಎದ್ದು ನಿಂತಿತು. ಮಳೆಗಾಲ ಮುಗಿದು ಗಾಳಿ ಮೆತ್ತಗಾದ ಮೇಲೆ ಜೋತುಬಿದ್ದದ್ದು ಮತ್ತೆ ಏಳಲಿಲ್ಲ. ಅದಕ್ಕೂ ಅವನು ಹೆಮ್ಮೆಪಟ್ಟ. "ಅಗ್ಗದ ಬಟ್ಟಿ ಕಂಡಕಂಡ ಗಾಳಿಗೆ ಕುಣೀತೈತಿ. ನಂದು ನೋಡ, ಎಷ್ಟು ಗಂಭೀರ ನಿಂತೈತಿ," ಎಂದು ಹೆಂಡತಿ ಆದಿಲಕ್ಷ್ಮಿಗೆ ತೋರಿಸಿದ.

"ನಿಮ್ಮಂಗ ಐತಿ ಬಿಡ್ರಿ. ಎಷ್ಟು ಹೇಳಿದ್ರೂ ಅಲ್ಲಾಡೂದಿಲ್ಲ," ಎಂದಳು ಆಕೆ.

ಕಾರ್ತಿಕದ ಒಂದು ಬೆಳಿಗ್ಗೆ ಶಾಲೆಯಲ್ಲಿ ಹಾರಾಟ ಕಲಿಯುತ್ತಿದ್ದ ದೀಪಿಕಾ ಒಬ್ಬಳೇ ವಿಮಾನ ಹಾರಿಸಿದಳು. ಹತ್ತಿರದ ಆದೋನಿ ಪಟ್ಟಣದ ಹುಡುಗಿ, ಓಬಳೇಶ ಹೊಲಿದ ಒಂದೇ ಲಂಗದಲ್ಲಿ ಆರನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ಓದಿದವಳು. ಮಳೆಗಾಲವಿಡೀ ಗಾಳಿ ಪಶ್ಚಿಮದಿಂದ ಬರುತ್ತಿದ್ದರಿಂದ ಎಲ್ಲರೂ ಪೂರ್ವದ ಕಡೆಯಿಂದ ಇಳಿಯುತ್ತಿದ್ದರು. ಅವಳೂ ಹಾಗೇ ಬಂದಳು. ಚೀಲ ನೋಡಿದಳು, ಅದು ಅಲುಗುತ್ತಿರಲಿಲ್ಲ. ಗಾಳಿಯಿಲ್ಲ ಎಂದುಕೊಂಡು ಇಳಿಸತೊಡಗಿದಳು.

ಗಾಳಿಯಿತ್ತು. ಅದೂ ದಿಕ್ಕು ಬದಲಿಸಿ, ಪೂರ್ವದಿಂದ ಬೀಸುತ್ತ ವಿಮಾನದ ಬೆನ್ನಿಗೆ ಬಿದ್ದಿತ್ತು. ವಿಮಾನ ನೆಲ ಮುಟ್ಟಲು ಒಲ್ಲೆನೆನ್ನುತ್ತ ತೇಲಿತು. ಅರ್ಧ ರನ್‌ವೇ ದಾಟಿದ ಮೇಲೆ ಗಾಲಿ ಊರಿತು. ಇಬ್ಬನಿಗೆ ತೊಯ್ದ ಹುಲ್ಲಿನ ಮೇಲೆ ಬ್ರೇಕು ಜಾರಿತು. ರನ್‌ವೇ ಮುಗಿಯಿತು, ವಿಮಾನ ಮಾತ್ರ ಮುಗಿಯಲಿಲ್ಲ. ಅದು ನೇರ ರನ್‌ವೇ ತುದಿಯಾಚೆ ಇದ್ದ ಆದಿಲಕ್ಷ್ಮಿಯ ಕಣಕ್ಕೆ ನುಗ್ಗಿ, ಸಜ್ಜೆಯ ಬಣವೆಗೆ ಮೂತಿ ಇಟ್ಟು ನಿಂತಿತು.

ಮೊರ ಹಿಡಿದು ರಾಶಿ ತೂರುತ್ತಿದ್ದ ಆದಿಲಕ್ಷ್ಮಿ ಸದ್ದು ಕೇಳಿ ಪಕ್ಕಕ್ಕೆ ಹಾರಿದ್ದಳು. ದೀಪಿಕಾ ತಲೆತುಂಬ ಹೊಟ್ಟು ಹೊತ್ತು ಕೆಳಗಿಳಿದು, "ಅತ್ತೀ, ನಿಮಗೇನೂ ಆಗಿಲ್ಲಲ್ಲ?" ಎಂದಳು.

"ನನಗೇನಾಗ್ತೈತಿ? ಬಣವಿನ ಕೇಳು," ಎಂದಳು ಆದಿಲಕ್ಷ್ಮಿ. ಆಮೇಲೆ ಹುಡುಗಿಯನ್ನು ಕೂರಿಸಿ ನೀರು ಕೊಟ್ಟಳು.

ಮೂರನೇ ದಿನ ಬೆಳಿಗ್ಗೆ ಶಾಲೆಯ ಮುಖ್ಯ ಕಚೇರಿಯಿಂದ ಲಕ್ಷ್ಮಿಕಾಂತ್ ಎಂಬ ಅಧಿಕಾರಿ ವಿಚಾರಣೆಗೆ ಬಂದರು. ಕಣದಲ್ಲೇ ಕುರ್ಚಿ ಹಾಕಿದರು. ದೀಪಿಕಾಳದೇ ತಪ್ಪೆಂದಾದರೆ ಅವಳ ಕಲಿಕೆ ಅಲ್ಲಿಗೇ ನಿಲ್ಲುತ್ತದೆ ಎಂದು ಮೂಕಪ್ಪ ಓಬಳೇಶನ ಕಿವಿಯಲ್ಲಿ ಹೇಳಿದ.

"ಗಾಳಿ ಇರಲಿಲ್ರಿ ಸಾರ್. ಚೀಲ ನೋಡೇ ಇಳಿದೆ," ಎಂದಳು ದೀಪಿಕಾ.

"ಗಾಳಿ ಇತ್ರಿ," ಎಂದಳು ಆದಿಲಕ್ಷ್ಮಿ. "ಗಾಳಿ ಇಲ್ಲದನ ರಾಶಿ ತೂರಾಕ ನನಗೇನು ಹುಚ್ಚ? ಗಾಳಿ ನನ್ನ ಬೆನ್ನಿಗಿತ್ತು. ವಿಮಾನಾನೂ ನನ್ನ ಬೆನ್ನ ಹಿಂದಿಂದನ ಬಂತು."

ಲಕ್ಷ್ಮಿಕಾಂತ್ ಪೆನ್ನು ಕೆಳಗಿಟ್ಟರು. "ಸರೇ. ಇಬ್ಬರಾಗ ಒಬ್ರು ಸುಳ್ಳು ಹೇಳಾಕತ್ತೀರಿ. ಚೀಲ ನೋಡದನ ಇಳಿದಿಯೇನಮ್ಮಾ?"

ಓಬಳೇಶ ಬೇಲಿಯ ಬಳಿ ನಿಂತು ಮೇಲೆ ನೋಡಿದ. ಹೆಗಲ ಮೇಲಿನ ಟವೆಲ್ಲಿನ ತುದಿ ಪಶ್ಚಿಮಕ್ಕೆ ಮೆಲ್ಲಗೆ ಹಾರುತ್ತಿತ್ತು. ಕಂಬದ ಮೇಲೆ ಅವನ ಚೀಲ ಗಂಭೀರವಾಗಿ ಜೋತುಬಿದ್ದಿತ್ತು. ಆದಿಲಕ್ಷ್ಮಿ ಸುಳ್ಳಾಡುವವಳಲ್ಲ, ಅವನ ಬಗ್ಗೆಯಂತೂ ಒಂದೂ ಸುಳ್ಳು ಹೇಳುವುದಿಲ್ಲ, ಅದೇ ಅವನ ಕಷ್ಟ. ಹುಡುಗಿಯ ಮುಖದಲ್ಲೂ ಸುಳ್ಳಿರಲಿಲ್ಲ. ಹಾಗಾದರೆ ಸುಳ್ಳು ಹೇಳಿದ್ದು ಯಾರೆಂದು ಅವನೊಬ್ಬನಿಗೇ ಗೊತ್ತಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಅವನನ್ನು ಕೇಳುವವರು ಯಾರೂ ಇರಲಿಲ್ಲ. ಮೂವತ್ತು ವರ್ಷ ಗಳಿಸಿದ ಹೆಸರು ಹಾಗೇ ಉಳಿಯುತ್ತಿತ್ತು.

"ಮೂಕಪ್ಪ, ಆ ಚೀಲ ಇಳಿಸ್ಕೊಂಡ್ ಬಾ," ಎಂದ ಓಬಳೇಶ.

ಚೀಲವನ್ನು ಒಂದು ಕೋಲಿಗೆ ಸಿಕ್ಕಿಸಿ ಎತ್ತಿ ಹಿಡಿದ. ಹೆಂಡತಿಗೆ, "ಒಂದು ಮೊರ ತೂರು," ಎಂದ. ಆಕೆ ಮೊರ ಎತ್ತಿದಳು. ಕಾಳು ಕಾಲ ಬುಡದಲ್ಲಿ ಬಿತ್ತು, ಹೊಟ್ಟು ಪಶ್ಚಿಮಕ್ಕೆ ಹಾರಿ ಲಕ್ಷ್ಮಿಕಾಂತರ ಕನ್ನಡಕದ ಮೇಲೆ ಕೂತಿತು. ಚೀಲ ಒಂದಿಷ್ಟೂ ಅಲುಗಲಿಲ್ಲ.

"ಯಾರೂ ಸುಳ್ಳು ಹೇಳಿಲ್ರಿ ಸಾರ್. ಸುಳ್ಳು ಹೇಳಿದ್ದು ಇದು. ನಾನ ಹೊಲಿದಿದ್ದು."

ಲಕ್ಷ್ಮಿಕಾಂತ್ ಕನ್ನಡಕ ಒರೆಸಿಕೊಂಡು ಚೀಲವನ್ನು ತಿರುವಿ ನೋಡಿದರು, ಲೇಬಲ್ ಓದಿದರು. "ಹೊಲಿಗಿ ಭಾಳ ಚಂದ ಐತಿ," ಎಂದರು.

"ಅದ ತಪ್ಪಾತ್ರಿ," ಎಂದ ಓಬಳೇಶ.

ಆಗ ದೀಪಿಕಾ ಎದ್ದು ನಿಂತಳು. "ಎಲ್ಲಾ ಮಾಮನ ಮ್ಯಾಲ ಹಾಕಬ್ಯಾಡ್ರಿ ಸಾರ್. ತೇಲಾಕ ಹತ್ತಿದಾಗ ಇಳಿಸೂದು ಬಿಟ್ಟು, ಮತ್ತ ಮ್ಯಾಲೆದ್ದು ಒಂದು ಸುತ್ತು ಹೊಡೀಬೇಕಿತ್ತು. ನಾನು ಹಟ ಮಾಡ್ದೆ."

ಅಧಿಕಾರಿ ಇಬ್ಬರ ಮಾತನ್ನೂ ಬರೆದುಕೊಂಡರು. ಹುಡುಗಿ ಗುರುವಿನ ಜೊತೆ ಕೂತು ಐದು ಸಲ ಇಳಿದು ತೋರಿಸಬೇಕು, ಚೀಲ ಬೇರೆ ಆಗಬೇಕು, ಅಷ್ಟೇ ಎಂದರು. ಚೀಲ ಹೊಲಿಯುವವರು ಯಾರೆಂದು ಮೂಕಪ್ಪ ಕೇಳಿದ. ಲಕ್ಷ್ಮಿಕಾಂತ್ ಓಬಳೇಶನ ಕಡೆ ನೋಡಿದರು.

ಅವನು ಆದೋನಿಯ ಪೇಟೆಯೆಲ್ಲ ಸುತ್ತಿ, ಹಿಂದೆ ಕೈಯಿಂದಲೂ ಮುಟ್ಟದಂಥ ತೆಳುವಾದ ನೈಲಾನ್ ತಂದ. ಹೊಲಿಯುವಾಗ ಬಟ್ಟೆ ಜಾರಿ ಜಾರಿ ಅವನನ್ನು ಗೋಳುಹೊಯ್ದುಕೊಂಡಿತು. ಕ್ಯಾನ್ವಾಸ್ ಚೀಲದ ಬಾಲವನ್ನು ಆದಿಲಕ್ಷ್ಮಿ ಹೊಲಿದು ಮುಚ್ಚಿ ಸಜ್ಜೆ ತುಂಬಿದಳು. ಒಂದು ಕಾಳೂ ಸೋರಲಿಲ್ಲ.

ಹೊಸ ಚೀಲ ಏರಿದ ಬೆಳಿಗ್ಗೆ ಗಂಡ ಹೆಂಡತಿ ಕಣದಲ್ಲಿ ನಿಂತು ನೋಡಿದರು. ಎಲೆ ಅಲುಗುವಷ್ಟು ಗಾಳಿಗೇ ಅದು ಉಬ್ಬಿ ಪಶ್ಚಿಮಕ್ಕೆ ಬಾಲ ಚಾಚಿತು. ಪೂರ್ವದಿಂದ ಬರುತ್ತಿದ್ದ ದೀಪಿಕಾಳ ವಿಮಾನ ಮೈದಾನದ ಮೇಲೆ ಬಂದು, ಸುತ್ತು ಹಾಕಿ, ಪಶ್ಚಿಮದ ಕಡೆಯಿಂದ ಗಾಳಿಗೆ ಎದುರಾಗಿ ಇಳಿದು ಅರ್ಧ ರನ್‌ವೇಯಲ್ಲೇ ನಿಂತಿತು.

ಆದಿಲಕ್ಷ್ಮಿ ಹಣೆಗೆ ಕೈಯೊಡ್ಡಿ ಚೀಲವನ್ನೇ ನೋಡುತ್ತಿದ್ದಳು. "ಏನ್ರಿ, ಲೇಬಲ್ ಕಾಣವಲ್ದು?"

"ಹಚ್ಚಿಲ್ಲ," ಎಂದ ಓಬಳೇಶ. "ಹಚ್ಚಿದ್ರ ಅಷ್ಟು ಭಾರ ಆಗ್ತೈತಿ."