ತಳದ ಗೂಡು ತೋರ್ಸಪ್ಪ

ಶಿಡ್ಲಘಟ್ಟದಾಗೆ ಜಾನ್ ಬೀ ಅಂತ ಒಬ್ಳು ಅವ್ಳೆ. ರೇಷ್ಮೆಗೂಡು ಕೊಂಡು ನೂಲು ತೆಗೆಯೋ ಕಸುಬು. ಅವ್ಳ ಗಂಟಲು ಎಂಥದ್ದು ಅಂದ್ರೆ, ಇಲ್ಲಿ ಗೂಡಿನ ಮಾರ್ಕೆಟ್ಟಲ್ಲಿ ಒಂದ್ಸಲ ಕೆಮ್ಮಿದ್ರೆ ಚಿಂತಾಮಣಿ ಬಸ್ ಸ್ಟ್ಯಾಂಡಲ್ಲಿ ಮಲಗಿರೋ ನಾಯಿ ಎದ್ದು ಕೂತ್ಕೊಳ್ತದೆ. ಸುಳ್ಳು ಅನ್ನೋರು ಆ ನಾಯೀನೇ ಕೇಳಿ.

ಅಂಥೋಳ ಮನೇಲಿ ಒಂದು ತಾಪತ್ರಯ. ನೂಲು ತೆಗೆಯೋ ಶೆಡ್ಡಿನ ಬಾಯ್ಲರ್ ಹಳೇದಾಗಿ ಸೋರೋಕೆ ಶುರುವಾಗಿತ್ತು. ಆವಿ ಮೆಷೀನಿಗೆ ಹೋಗೋದಕ್ಕಿಂತ ಬೀದಿಗೆ ಹೋಗ್ತಿದ್ದೇ ಜಾಸ್ತಿ. ಪಕ್ಕದ್ಮನೆಯೋರು ಆ ಆವೀಲೇ ಇಡ್ಲಿ ಬೇಯಿಸ್ಕೊಳ್ತಿದ್ರಂತೆ! ಬಾಯ್ಲರ್ ನಿಂತ್ರೆ ಶೆಡ್ಡು ನಿಂತಂಗೆ, ಅಲ್ಲಿ ದುಡಿಯೋ ಆರು ಹೆಂಗಸ್ರ ಒಲೇನೂ ಆರಿದಂಗೆ. ಹೊಸ ಬಾಯ್ಲರಿಗೆ ಅಂತ ಜಾನ್ ಬೀನೂ ಅವ್ಳ ಗಂಡ ಮುಖ್ತಾರೂ ನಾಲ್ಕು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಮೂರು ಲಕ್ಷ ಕೂಡಿಟ್ಟಿದ್ರು. ಬ್ಯಾಂಕಲ್ಲಿ ಇಬ್ರ ಹೆಸ್ರಲ್ಲೂ ಇತ್ತು. ಇಬ್ರೂ ಸೈನ್ ಹಾಕಿದ್ರೇನೇ ದುಡ್ಡು ಕೈಗೆ.

ಒಂದಿನ ಮುಖ್ತಾರ್ ಚಿಂತಾಮಣಿಗೆ ಹೋದೋನು ಕಾಲು ನೆಲಕ್ಕೆ ತಾಕದಂಗೆ ವಾಪಸ್ ಬಂದ.

"ಜಾನ್, ಈ ಚೆಕ್ಕಿಗೊಂದು ಸೈನ್ ಹಾಕು. ಮೂರೇ ತಿಂಗಳು, ಮೂರು ಲಕ್ಷ ಆರಾಗ್ತದೆ."

"ಅಜೀ, ಯಾರು ಹೇಳಿದ್ದು?"

"ಸುನೀಲ್‌ಕುಮಾರ್ ಅಂತ, ಶೇರು ಕ್ಲಾಸ್ ನಡೆಸ್ತಾನೆ. ಗೋಡೆಯಷ್ಟು ದೊಡ್ಡ ಟೀವಿ ಇಟ್ಟವ್ನೆ. ಅದ್ರಲ್ಲಿ ನಿಫ್ಟಿ ಗೆರೆ ನೋಡ್ಬೇಕು ನೀನು, ನಂದಿಬೆಟ್ಟ ಹತ್ತಿದಂಗೆ ಹತ್ತುತಾ ಐತೆ! ಪೂರಾ ಮಾರ್ಕೆಟ್ಟೇ ಏರ್ತೈತೆ!"

"ಪೂರಾನಾ? ನೀವು ಎಣಿಸಿದ್ರಾ?"

"ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು ನೀನು, ಶೇರು ಮಾರ್ಕೆಟ್ ನಿಂಗೇನು ಗೊತ್ತೇ?"

ಜಾನ್ ಬೀ ಅವ್ನ ಜೇಬಲ್ಲಿದ್ದ ಪೆನ್ನು ಕಿತ್ಕೊಂಡು ತನ್ನ ಜಡೆಗೆ ಸಿಕ್ಕಿಸ್ಕೊಂಡ್ಳು. "ಎಣಿಸಿದ್ಮೇಲೆ ಸೈನು" ಅಂದ್ಳು.

ಸಾಯಂಕಾಲ ಗಂಡನ್ನ ಎಳ್ಕೊಂಡು ಲಾವಣ್ಯ ಮನೆಗೆ ಹೋದ್ಳು. ಲಾವಣ್ಯ ಅಂದ್ರೆ ಎರಡು ಮನೆ ಆಚೆ ಇರೋಳು, ಕಾಲೇಜಲ್ಲಿ ಕಾಮರ್ಸ್ ಪಾಠ ಹೇಳೋಳು. ಲ್ಯಾಪ್‌ಟಾಪಲ್ಲಿ ಚಾರ್ಟು ನೋಡ್ತಾಳೆ, ಉಳಿದ ಸಂಬಳದಲ್ಲಿ ಅಷ್ಟೋ ಇಷ್ಟೋ ಶೇರೂ ತಗೊಳ್ತಾಳೆ.

"ಲಾವಣ್ಯಮ್ಮ, ನಿಫ್ಟಿ ಏರ್ತು ಅಂದ್ರೆ ಎಲ್ಲಾ ಶೇರೂ ಏರ್ತು ಅಂತಾನಾ?"

"ಅಯ್ಯೋ, ಹಂಗೇನಿಲ್ಲ ಆಪಾ. ನಿಫ್ಟಿಲಿರೋದು ಐವತ್ತು ಕಂಪನಿ. ಅದ್ರಲ್ಲೂ ದೊಡ್ಡ ಕಂಪನಿಗೆ ತೂಕ ಜಾಸ್ತಿ. ನಾಲ್ಕೈದು ದಪ್ಪನೋವು ಮೇಲಕ್ಕೆದ್ರೆ ಸಾಕು, ಮಿಕ್ಕಿದ್ದೋವು ಬಿದ್ದಿದ್ರೂ ಗೆರೆ ಮೇಲಕ್ಕೆ ಹೋಗ್ಬಹುದು."

"ಅದೆಂಗಮ್ಮ ಹೋಗ್ತದೆ?" ಅಂದ ಮುಖ್ತಾರ್.

"ಭಾಯ್, ಗೂಡಿನ ಮಾರ್ಕೆಟ್ಟಲ್ಲಿ ಐದು ಜನ ದೊಡ್ಡ ರೈತ್ರು ಕ್ವಿಂಟಲ್‌ಗಟ್ಲೆ ತಂದು ನಿನ್ನೆಗಿಂತ ಜಾಸ್ತಿ ರೇಟಿಗೆ ಮಾರಿದ್ರು ಅಂದ್ಕೊಳ್ಳಿ. ಇಪ್ಪತ್ತೈದು ಜನ ಸಣ್ಣ ರೈತ್ರ ಲಾಟು ನಿನ್ನೆಗಿಂತ ಕಮ್ಮಿಗೆ ಹೋಯ್ತು. ಸರಾಸರಿ ರೇಟು ಏನಾಗ್ತದೆ?"

"ಏರ್ತದೆ. ತೂಕ ಅವ್ರದ್ದೇ ಜಾಸ್ತಿ ಅಲ್ವಾ."

"ಬೋರ್ಡು ನೋಡಿದೋನು 'ಮಾರ್ಕೆಟ್ ಜೋರು' ಅಂತಾನೆ. ಒಳಗೆ ಹೋಗಿ ಆ ಇಪ್ಪತ್ತೈದು ಜನ್ರ ಮುಖ ನೋಡಿ!"

ಲಾವಣ್ಯ ಲ್ಯಾಪ್‌ಟಾಪ್ ತಿರುಗಿಸಿದ್ಳು. "ಎಲ್ಲರ ಮುಖಾನೂ ನೋಡೋಕೆ ಇದ್ರಲ್ಲೇ ಜಾಗ ಐತೆ. 'ಮಾರ್ಕೆಟ್ ಬ್ರೆಡ್ತ್' ಅಂತಾರೆ, ಅಂದ್ರೆ ಏರಿಕೆ ಎಷ್ಟು ಅಗಲಕ್ಕೆ ಹರಡೈತೆ ಅಂತ. ಇವತ್ತು ಎಷ್ಟು ಶೇರು ಏರಿದ್ವು, ಎಷ್ಟು ಇಳಿದ್ವು, ಎರಡೂ ತೋರಿಸ್ತದೆ. ದಿನಾ ಏರಿದ್ದರಲ್ಲಿ ಇಳಿದಿದ್ದು ಕಳೆದು, ಹಿಂದಿನ ದಿನದ್ದಕ್ಕೆ ಸೇರಿಸ್ಕೊಂಡು ಹೋದ್ರೆ ಈ ಕೆಳಗಿನ ಗೆರೆ. ಇದು ಅಡ್ವಾನ್ಸ್-ಡಿಕ್ಲೈನ್ ಲೈನು."

ಮೇಲಿನ ಗೆರೆ ನಂದಿಬೆಟ್ಟ ಹತ್ತುತಿತ್ತು. ಕೆಳಗಿನ ಗೆರೆ ಎರಡು ತಿಂಗಳಿಂದ ಬಾವಿಗೆ ಇಳೀತಿತ್ತು.

"ಹಂಗಾದ್ರೆ ನಾಳೆ ಬೀಳ್ತದಾ?" ಅಂದ್ಳು ಜಾನ್ ಬೀ.

"ಅದನ್ನ ಯಾರೂ ಹೇಳೋಕಾಗಲ್ಲ ಆಪಾ. ಹಿಂಗೇ ಇನ್ನಷ್ಟು ದಿನ ಏರ್ಬಹುದು, ಬೀಳ್ಬಹುದು. ಹುಷಾರು ಅಂತದೆ ಈ ಗೆರೆ, ಅಷ್ಟೇ. ಎಲ್ಲಾ ಏರ್ತಿದ್ರೂ ಬಾಯ್ಲರ್ ದುಡ್ಡು ಅಲ್ಲಿಗೆ ಹಾಕ್ಬೇಡಿ. ಮೂರು ತಿಂಗಳಲ್ಲಿ ಬೇಕಾಗಿರೋ ದುಡ್ಡು ಅದು."

ಇಷ್ಟು ಕೇಳಿದ್ರೂ ಮುಖ್ತಾರಿಗೆ ಮನಸ್ಸು ಬಗ್ಗಲಿಲ್ಲ. "ಸುನೀಲ್‌ಕುಮಾರಿಗೆ ಇದೆಲ್ಲಾ ಗೊತ್ತಿಲ್ವಾ?" ಅಂದ.

"ಬನ್ನಿ, ಅವನ್ನೇ ಕೇಳಣ" ಅಂದ್ಳು ಜಾನ್ ಬೀ. ಏರಿದ್ದು ಇಳಿದಿದ್ದು ತೋರಿಸೋ ಅದೇ ಕಿಟಕೀನ ಲಾವಣ್ಯ ಕೈಲಿ ತನ್ನ ಫೋನಲ್ಲೂ ಹಾಕಿಸ್ಕೊಂಡ್ಳು.

ಗುರುವಾರ ಮಧ್ಯಾಹ್ನ, ಶೇರು ಮಾರ್ಕೆಟ್ ನಡೀತಿದ್ದಾಗ್ಲೇ ಕ್ಲಾಸು. ನಲವತ್ತು ಜನ ಕೂತವ್ರೆ, ತರಕಾರಿ ಮಂಡಿಯೋರು, ಟೊಮೇಟೊ ಲಾರಿಯೋರು. ಸುನೀಲ್‌ಕುಮಾರ್ ಹಾಕ್ಕೊಂಡಿದ್ದ ಸೆಂಟಿಗೆ ಸೊಳ್ಳೆಗಳು ಮದುವೆಗೆ ಬಂದಂಗೆ ಬಂದಿದ್ವು. ಟೀವೀಲಿ ನಿಫ್ಟಿ ಗೆರೆ ಒಂದೇ. "ನೋಡ್ರಪ್ಪ, ಚೂಡಂಡಿ! ಮೇಲಕ್ಕೆ, ಮೇಲಕ್ಕೆ! ದುಡ್ಡು ನನ್ ಕೈಗೆ ಕೊಡಿ, ನಾನು ಆಡಿಸ್ತೀನಿ. ಗ್ಯಾರಂಟಿ!"

ಜಾನ್ ಬೀ ಎದ್ದು ನಿಂತ್ಳು. "ಸಾರ್, ಇವತ್ತು ಏರಿದ್ದು ಎಷ್ಟು, ಇಳಿದಿದ್ದು ಎಷ್ಟು? ಆ ಕಿಟಕಿ ತೆಗೀರಿ."

ಸುನೀಲ್‌ಕುಮಾರ್ ಹಲ್ಲು ಬಿಟ್ಟ. "ಅದು ಬೇಡಮ್ಮ, ಸುಮ್ನೆ ಕನ್ಫ್ಯೂಸ್ ಆಗ್ತದೆ ಅಂತ ನಾನೇ ಮುಚ್ಚಿಟ್ಟಿದ್ದೀನಿ."

"ಮುಚ್ಚಿಟ್ಟಿದ್ದೀರಾ? ತೆಗೆದ್ರೆ ನಾನೇ ಕನ್ಫ್ಯೂಸ್ ಆಗ್ತೀನಿ ಬಿಡಿ, ನಿಮ್ಗೇನು ಕಷ್ಟ?"

"ಅಮ್ಮಾ, ನಿಮ್ಗೆ ಗೂಡು ಗೊತ್ತು. ಇದು ಗೂಡಿನ ಮಾರ್ಕೆಟ್ ಅಲ್ಲ. ಕೂತ್ಕೊಳ್ಳಿ."

ಅಲ್ಲಿಗೆ ಜಾನ್ ಬೀ ಗಂಟಲು ತೆಗೆದ್ಳು ನೋಡಿ! ಸೀಲಿಂಗ್ ಫ್ಯಾನು ಉಲ್ಟಾ ತಿರುಗ್ತಂತೆ.

"ಕೂತ್ಕೊಳ್ಳಲ್ಲ! ಇಪ್ಪತ್ತು ವರ್ಷದಿಂದ ಗೂಡು ಕೊಳ್ತಾ ಇದ್ದೀನಿ. ಮೇಲ್ಗಡೆ ಬೆಳ್ಳಗೆ ದಪ್ಪನೆ ಗೂಡು ಹರಡಿ, ಕೆಳಗೆ ಕಲೆ ಗೂಡು ತುಂಬೋರನ್ನ ಬೇಕಾದಷ್ಟು ನೋಡಿದ್ದೀನಿ. ಮೊಣಕೈವರ್ಗೂ ಕೈ ಇಳಿಸಿ ತಳದ ಗೂಡು ಎತ್ತಿ ನೋಡ್ದೆ ನಾವು ಹರಾಜಲ್ಲಿ ಒಂದು ರೂಪಾಯಿ ಬಿಡ್ ಹಾಕಲ್ಲ. ನೀನು ತಳಕ್ಕೆ ಕೈ ಹಾಕೋಕೇ ಬಿಡ್ತಿಲ್ವಲ್ಲಪ್ಪ!"

ತನ್ನ ಫೋನು ಮೇಲಕ್ಕೆ ಹಿಡಿದು ಓದಿದ್ಳು. "ನೋಡಿ ಎಲ್ರೂ! ನಿಫ್ಟಿ ಮೇಲೈತೆ. ಐವತ್ತರಲ್ಲಿ ಏರಿರೋದು ಹದಿನಾಲ್ಕು, ಇಳಿದಿರೋದು ಮೂವತ್ತಾರು!"

ಕ್ಲಾಸಲ್ಲಿ ಗುಸುಗುಸು ಶುರುವಾಯ್ತು. ಅಷ್ಟೊತ್ತೂ ತಲೆ ತಗ್ಗಿಸಿ ಕೂತಿದ್ದ ಮುಖ್ತಾರ್ ತನ್ನ ಬಲಗೈ ನೋಡ್ಕೊಂಡ. ಬೆಳಿಗ್ಗೆ ತಾನೇ ಗೂಡಿನ ಮಾರ್ಕೆಟ್ಟಲ್ಲಿ ಆ ಕೈ ಮೂವತ್ತು ಲಾಟಿನ ತಳ ಮುಟ್ಟಿ ಬಂದಿತ್ತು. ಅವ್ನೂ ಎದ್ದ.

"ಸುನೀಲ್‌ಕುಮಾರ್, ಸಲಹೆ ಕೊಡೋಕೆ ನಿಂಗೆ ಶೇರು ಮಾರ್ಕೆಟ್ ಕಾಯೋ ಸೆಬಿಯೋರ ನೋಂದಣಿ ನಂಬರ್ ಐತಾ?"

"ಅದು... ಮುಂದಿನ ವಾರ ಬರ್ತದೆ."

"ಹಂಗಾದ್ರೆ ನಮ್ ದುಡ್ಡು ಅದರ ಮುಂದಿನ ವಾರ ಬರ್ತದೆ" ಅಂದು ಮುಖ್ತಾರ್ ಚೆಕ್ಕು ಎರಡು ತುಂಡು ಮಾಡ್ದ. "ನಡಿಯೇ ಜಾನ್."

ಮಂಡಿಯೋರು ಒಬ್ಬೊಬ್ರೇ ಅವ್ರ ಹಿಂದೆ ಎದ್ರು. ಕೊನೆಗೆ ಅಲ್ಲಿ ಉಳಿದಿದ್ದು ಸೊಳ್ಳೆಗಳೇ.

ಆಮೇಲೆ ನಿಫ್ಟಿ ಬಿತ್ತಾ ಅಂತ ಕೇಳ್ತೀರಾ? ಬೀಳ್ಲಿಲ್ಲ. ಇನ್ನೊಂದು ತಿಂಗಳು ಏರ್ತು! ಸುನೀಲ್‌ಕುಮಾರ್ ಮುಖ್ತಾರಿಗೆ ಮೆಸೇಜ್ ಹಾಕ್ದ, 'ನೋಡಿದ್ರಾ, ಲಾಸ್ ಮಾಡ್ಕೊಂಡ್ರಿ' ಅಂತ. ಜಾನ್ ಬೀ ಫೋನ್ ಕಿತ್ಕೊಂಡು ಮಾತಾಡಿ ಕಳಿಸಿದ್ಳು: "ಏರ್ಲಿ ಬಿಡಪ್ಪ, ಇಳೀಲಿ ಬಿಡಪ್ಪ! ಇಲ್ಲಿ ನಮ್ ಹೊಸ ಬಾಯ್ಲರ್ ಉರೀತೈತೆ, ಆರು ಮನೆ ಒಲೆ ಉರೀತೈತೆ. ತಳ ಮುಚ್ಚಿಟ್ಟೋನ ಹತ್ರ ಚಿನ್ನದ ಗೂಡಿದ್ರೂ ನಾನು ಕೊಳ್ಳಲ್ಲ!"

ಆ ಬಾಯ್ಲರ್ ಮೊದಲನೇ ಸಲ ಸೀಟಿ ಹಾಕಿದಾಗ ಗೌರಿಬಿದನೂರು ಸ್ಟೇಷನ್ನಲ್ಲಿ ನಿಂತಿದ್ದ ರೈಲು ಹೊರಟೇ ಹೋಯ್ತಂತೆ. ಪಕ್ಕದ್ಮನೆಯೋರಿಗೆ ಮಾತ್ರ ಇಡ್ಲಿ ಆವಿ ತಪ್ತು ಅಂತ ಈಗ್ಲೂ ಬೇಜಾರು.

ಅಕ್ಕಂದಿರಾ, ಅಣ್ಣಂದಿರಾ, ನಾನು ಹೇಳಿದ ನಾಯಿ, ರೈಲು ನಂಬ್ಬೇಡಿ. ಇಷ್ಟು ಮಾತ್ರ ನಂಬಿ. ಮಾರ್ಕೆಟ್ ಏರ್ತೈತೆ ಅಂತ ಯಾರಾದ್ರೂ ಗೆರೆ ತೋರಿಸಿದ್ರೆ, ಏರಿದ್ದು ಎಷ್ಟು, ಇಳಿದಿದ್ದು ಎಷ್ಟು ಅಂತ ಎದ್ದು ನಿಂತು ಕೇಳಿ. ಒಂದಿನದ್ದಲ್ಲ, ತಿಂಗಳುಗಟ್ಲೆದು ನೋಡಿ. ಅದೂ ನಾಳೆಯ ಜಾತಕ ಹೇಳಲ್ಲ ಅನ್ನೋದು ಮರೀಬೇಡಿ. ಸೆಬಿ ನೋಂದಣಿ ಇಲ್ದೋರ ಸಲಹೆಗೆ, 'ಗ್ಯಾರಂಟಿ' ಅನ್ನೋರ ಮಾತಿಗೆ ಸೈನ್ ಹಾಕ್ಬೇಡಿ. ಬೇಗ ಬೇಕಾಗೋ ದುಡ್ಡು, ಸಾಲದ ದುಡ್ಡು ಶೇರಿಗೆ ಹಾಕ್ಲೇಬೇಡಿ. ಓದಿಲ್ಲ, ಗೊತ್ತಾಗಲ್ಲ ಅಂತ ಯಾರಾದ್ರೂ ಕೂರಿಸೋಕೆ ಬಂದ್ರೆ ಕೂರ್ಬೇಡಿ. ಪೆನ್ನು ನಿಮ್ಮ ಜಡೇಲಿರ್ಲಿ, ಕೈ ತಳಕ್ಕೆ ಇಳೀಲಿ.